ಅಲ್ಲಿ ಈಗ ಗಂಟೆ ಎಷ್ಟು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶದ ವೇಳೆಯ ಲೆಕ್ಕದ್ದೇ. ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇವೆ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಒಂಬತ್ತೂವರೆ ಗಂಟೆ ವ್ಯತ್ಯಾಸ ಎಂದು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಚಳಿಗಾಲ ಬಂತೆಂದರೆ ಲೆಕ್ಕ ಒಂದು ಗಂಟೆ ತಪ್ಪುತ್ತದೆ. ಏಕೆ? ಮೊಬೈಲ್ ನೋಡದೆ ಬಾಯಿಲೆಕ್ಕದಲ್ಲಿ ಹೇಳಲು ಆಗುತ್ತದೆಯೇ?
— ಶಿವಮೊಗ್ಗದ ಓದುಗರು

ನೀವು ಬರೆದಿಟ್ಟದ್ದು ವರ್ಷದಲ್ಲಿ ಸುಮಾರು ಎಂಟು ತಿಂಗಳು ಸರಿ, ನಾಲ್ಕು ತಿಂಗಳು ತಪ್ಪು. ನಮ್ಮ ಗಡಿಯಾರ ವರ್ಷವಿಡೀ ಒಂದೇ ಸಮ ನಡೆಯುತ್ತದೆ. ಅಮೆರಿಕದವರು ಮಾರ್ಚ್ ತಿಂಗಳ ಎರಡನೇ ಭಾನುವಾರ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. 2007ರಿಂದ ನಡೆದುಬಂದಿರುವ ಕ್ರಮ ಇದು. 2026ರಲ್ಲಿ ಆ ದಿನಗಳು ಮಾರ್ಚ್ 8 ಮತ್ತು ನವೆಂಬರ್ 1. ಆದ್ದರಿಂದ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಗೆ ಬೇಸಿಗೆಯಲ್ಲಿ 9:30, ಚಳಿಗಾಲದಲ್ಲಿ 10:30 ಗಂಟೆ ವ್ಯತ್ಯಾಸ. ಕ್ಯಾಲೆಂಡರಿನಲ್ಲಿ ಎರಡೂ ಅಂಕಿ ಬರೆದು, ಬದಲಾಗುವ ಎರಡು ಭಾನುವಾರಗಳಿಗೆ ಕೆಂಪು ಗುರುತು ಹಾಕಿ.

ಬಾಯಿಲೆಕ್ಕಕ್ಕೆ ಒಂಬತ್ತೂವರೆ ಕಳೆಯುವ ತಾಪತ್ರಯ ಬೇಡ. ಮೊದಲು ಹನ್ನೆರಡು ಗಂಟೆ ಹಿಂದಕ್ಕೆ ಹೋಗಿ: ಇಲ್ಲಿನ ಸಂಜೆ ಆರು ಅದೇ ದಿನದ ಬೆಳಿಗ್ಗೆ ಆರಾಗುತ್ತದೆ, ಇಲ್ಲಿನ ಬೆಳಿಗ್ಗೆ ಆರು ಹಿಂದಿನ ದಿನದ ಸಂಜೆ ಆರಾಗುತ್ತದೆ. ಆಮೇಲೆ ಬೇಸಿಗೆಯಾದರೆ ಎರಡೂವರೆ ಗಂಟೆ, ಚಳಿಗಾಲವಾದರೆ ಒಂದೂವರೆ ಗಂಟೆ ಕೂಡಿಸಿ. ಜುಲೈಯಲ್ಲಿ ಇಲ್ಲಿ ಸಂಜೆ 6 ಆದಾಗ ಅಲ್ಲಿ ಬೆಳಿಗ್ಗೆ 8:30, ಡಿಸೆಂಬರಿನಲ್ಲಾದರೆ 7:30. ಟೆಕ್ಸಾಸ್‌ನ ಡಲ್ಲಾಸ್, ಹ್ಯೂಸ್ಟನ್ ಕಡೆಗೆ ಕೂಡಿಸಬೇಕಾದದ್ದು ಒಂದೂವರೆ ಮತ್ತು ಅರ್ಧ ಗಂಟೆ. ಕ್ಯಾಲಿಫೋರ್ನಿಯಾಕ್ಕೆ ಕೂಡಿಸುವುದಲ್ಲ, ಕಳೆಯುವುದು: ಬೇಸಿಗೆಯಲ್ಲಿ ಅರ್ಧ, ಚಳಿಗಾಲದಲ್ಲಿ ಒಂದೂವರೆ. ಅರಿಜೋನಾದ ಫೀನಿಕ್ಸ್‌ನವರು ಗಡಿಯಾರ ಮುಟ್ಟುವುದೇ ಇಲ್ಲ. ಅವರಿಗೆ ವರ್ಷವಿಡೀ 12:30 ಗಂಟೆ ವ್ಯತ್ಯಾಸ.

ಎಡವುವುದು ತಾರೀಖಿನಲ್ಲಿ. ಇಲ್ಲಿ ಭಾನುವಾರ ಬೆಳಿಗ್ಗೆ 7 ಗಂಟೆಗೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹಾರೈಸಿದರೆ ಅಲ್ಲಿನ್ನೂ ಶನಿವಾರ ರಾತ್ರಿ. ಬೇಸಿಗೆಯಲ್ಲಿ ಇಲ್ಲಿ 9:30 ದಾಟಿದ ಮೇಲೆ, ಚಳಿಗಾಲದಲ್ಲಿ 10:30 ದಾಟಿದ ಮೇಲೆ ಎರಡೂ ಕಡೆ ಒಂದೇ ವಾರ, ಒಂದೇ ತಾರೀಖು.

ನಮ್ಮ ತಂಡದಲ್ಲಿ ಬೆಂಗಳೂರು, ಲಂಡನ್, ನ್ಯೂಯಾರ್ಕ್ ಮೂರೂ ಕಡೆಯವರಿದ್ದೇವೆ. ಪ್ರತಿ ಮಾರ್ಚ್‌ನಲ್ಲಿ ವಾರದ ಮೀಟಿಂಗ್ ಗೊಂದಲವಾಗುತ್ತದೆ. ಒಬ್ಬರು ಒಂದು ಗಂಟೆ ಮೊದಲೇ ಬಂದು ಕಾಯುತ್ತಾರೆ.
— ವೈಟ್‌ಫೀಲ್ಡ್, ಬೆಂಗಳೂರು

ಬ್ರಿಟನ್ ಮತ್ತು ಯುರೋಪಿನವರೂ ಗಡಿಯಾರ ತಿರುಗಿಸುತ್ತಾರೆ, ಆದರೆ ಅಮೆರಿಕದವರ ಜೊತೆಗಲ್ಲ. ಅವರದು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರವೇ ನಿಮ್ಮ ಗೊಂದಲದ ಕಾಲ.

ಮೀಟಿಂಗ್ ನ್ಯೂಯಾರ್ಕ್ ಬೆಳಿಗ್ಗೆ 9ಕ್ಕೆ ನಿಗದಿಯಾಗಿದೆ ಎಂದುಕೊಳ್ಳಿ. 2026ರ ಮಾರ್ಚ್ 7ರವರೆಗೆ ಅದು ಲಂಡನ್ನಿಗೆ ಮಧ್ಯಾಹ್ನ 2, ನಮಗೆ ಸಂಜೆ 7:30. ಮಾರ್ಚ್ 8ರಿಂದ 28ರವರೆಗೆ ಲಂಡನ್ನಿಗೆ 1, ನಮಗೆ 6:30. ಮಾರ್ಚ್ 29ರಿಂದ ಲಂಡನ್ ಮತ್ತೆ 2ಕ್ಕೆ ಬರುತ್ತದೆ, ನಾವು 6:30ರಲ್ಲೇ ಉಳಿಯುತ್ತೇವೆ. ಅಕ್ಟೋಬರ್ 25ರಿಂದ 31ರವರೆಗೆ ಇನ್ನೊಂದು ವಾರ ಲಂಡನ್ ಮಾತ್ರ 1ಕ್ಕೆ ಸರಿದಿರುತ್ತದೆ.

ಕಂಪ್ಯೂಟರಿನ ಕ್ಯಾಲೆಂಡರ್ ಇದನ್ನೆಲ್ಲ ತಾನೇ ನಿಭಾಯಿಸುತ್ತದೆ; ಆದರೆ ಮೀಟಿಂಗನ್ನು ಯಾವ ಊರಿನ ವೇಳೆಗೆ ಕಟ್ಟಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಬೆಂಗಳೂರಿನವರು ಕಳಿಸಿದ ಆಹ್ವಾನ ಸಾಮಾನ್ಯವಾಗಿ ಭಾರತದ ವೇಳೆಗೆ ಅಂಟಿಕೊಂಡಿರುತ್ತದೆ. ಆಗ ನಮಗೆ 7:30 ಅಲುಗುವುದಿಲ್ಲ, ಮಾರ್ಚ್‌ನಲ್ಲಿ ನ್ಯೂಯಾರ್ಕಿನವರಿಗೆ ಅದು 10ಕ್ಕೆ ಜಾರಿ ಅವರ ಇನ್ನೊಂದು ಮೀಟಿಂಗಿಗೆ ಡಿಕ್ಕಿ ಹೊಡೆಯುತ್ತದೆ. ಯಾರ ಗಡಿಯಾರದಲ್ಲಿ ವೇಳೆ ಕದಲಬಾರದೋ ಅವರ ಊರನ್ನೇ ಆಹ್ವಾನದ ಟೈಮ್ ಝೋನ್ ಆಗಿ ಆರಿಸಿ. ಗೂಗಲ್ ಕ್ಯಾಲೆಂಡರಿನಲ್ಲಿ ವೇಳೆಯ ಪಕ್ಕದಲ್ಲೇ ಆ ಆಯ್ಕೆ ಇದೆ. ಇನ್ನೊಂದು ಹಳ್ಳ: ಲಂಡನ್ ಬೇಕಾದಾಗ ಪಟ್ಟಿಯಲ್ಲಿ ಜಿಎಂಟಿ ಎಂದಷ್ಟೇ ಇರುವುದನ್ನು ಒತ್ತಬೇಡಿ. ಜಿಎಂಟಿ, ಅಂದರೆ ಗ್ರೀನಿಚ್ ವೇಳೆ, ವರ್ಷವಿಡೀ ನಿಂತಲ್ಲೇ ನಿಂತಿರುತ್ತದೆ, ಲಂಡನ್ನಿನ ಗಡಿಯಾರ ಬೇಸಿಗೆಯಲ್ಲಿ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ.

ದುಬೈ, ಸೌದಿ ಎರಡಕ್ಕೂ ಒಂದೇ ವ್ಯತ್ಯಾಸವೇ?
— ಮಂಗಳೂರು

ಅಲ್ಲ. ದುಬೈ, ಅಬುಧಾಬಿ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಇವರಾರೂ ಗಡಿಯಾರ ತಿರುಗಿಸುವುದಿಲ್ಲ. ಕಚೇರಿ ಕೆಲಸಕ್ಕೆ ಫೋನ್ ಮಾಡುವುದಿದ್ದರೆ ಗಂಟೆಗಿಂತ ವಾರ ನೋಡಿ: ಸೌದಿಯಲ್ಲಿ ಶುಕ್ರವಾರ–ಶನಿವಾರ ರಜೆ, ಯುಎಇ ಸರ್ಕಾರಿ ಕಚೇರಿಗಳಲ್ಲಿ 2022ರಿಂದ ಶುಕ್ರವಾರ ಅರ್ಧ ದಿನ, ಶನಿವಾರ–ಭಾನುವಾರ ರಜೆ.

ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಅಮೆರಿಕದ ಲೆಕ್ಕ ಅಲ್ಲಿಗೂ ನಡೆಯುತ್ತದೆಯೇ?
— ಮೈಸೂರು

ತಿರುಗುಮುರುಗಾಗಿ ನಡೆಯುತ್ತದೆ. ನಮ್ಮ ಚಳಿಗಾಲ ಅವರಿಗೆ ಬೇಸಿಗೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಮೆಲ್ಬರ್ನ್, ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ, ಉಳಿದ ಕಾಲ ನಾಲ್ಕೂವರೆ. ರಾತ್ರಿ ಊಟ ಮುಗಿಸಿ 8:30ಕ್ಕೆ ಫೋನ್ ಮಾಡುವ ಅಭ್ಯಾಸವಿದ್ದರೆ ಜನವರಿಯಲ್ಲಿ ಅಲ್ಲಿ ನಡುರಾತ್ರಿ ಎರಡು ಗಂಟೆ! ಬ್ರಿಸ್ಬೇನ್ ಯಾವಾಗಲೂ ನಾಲ್ಕೂವರೆ, ಪರ್ತ್ ಯಾವಾಗಲೂ ಎರಡೂವರೆ. ಅಡಿಲೇಡ್‌ಗೆ ನಮ್ಮ ಹಾಗೇ ಅರ್ಧ ಗಂಟೆಯ ಬಾಲ ಇರುವುದರಿಂದ ವ್ಯತ್ಯಾಸ ಪೂರ್ತಿ ಗಂಟೆಯಲ್ಲಿ ಬರುತ್ತದೆ: ನಾಲ್ಕು ಅಥವಾ ಐದು.

ಈ ಅರ್ಧ ಗಂಟೆ ನಮಗೆ ಎಲ್ಲಿಂದ ಬಂತು?
— ತುಮಕೂರಿನ ವಿದ್ಯಾರ್ಥಿ

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ವೇಳೆಗೆ ಆಧಾರ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶ. ಭಾಗಿಸಿದರೆ ಐದೂವರೆ; ಗ್ರೀನಿಚ್ ವೇಳೆಗಿಂತ ನಾವು ಅಷ್ಟು ಗಂಟೆ ಮುಂದೆ. ಇದು ಜಾರಿಗೆ ಬಂದದ್ದು 1906ರ ಜನವರಿ 1ರಂದು. ನೇಪಾಳದವರು ಇನ್ನೂ ಕಾಲು ಗಂಟೆ ಮುಂದೆ ಹೋಗಿ 5:45 ಇಟ್ಟುಕೊಂಡಿದ್ದಾರೆ. ಐದೂವರೆಯಿಂದ ಒಂದು ಮೋಜೂ ಇದೆ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಮಾಡಿ ಹಿಡಿದು ಓದಿ, ಗ್ರೀನಿಚ್ ವೇಳೆ ಸಿಗುತ್ತದೆ. ಇಲ್ಲಿ ಮಧ್ಯಾಹ್ನ 3:15 ಆಗಿದ್ದರೆ ತಲೆಕೆಳಗಾದ ಗಡಿಯಾರ 9:45 ತೋರಿಸುತ್ತದೆ. ಚಳಿಗಾಲದಲ್ಲಿ ಲಂಡನ್ನಿನ ವೇಳೆಯೂ ಅದೇ.

ಸಂದರ್ಶನದ ಇಮೇಲ್‌ನಲ್ಲಿ «ಬೆಳಿಗ್ಗೆ 10, ಸಿಎಸ್‌ಟಿ» ಎಂದಿದೆ. ಅರ್ಜಿಯ ಕೊನೆಯ ವೇಳೆ «15ರ ರಾತ್ರಿ 11:59, ಇಟಿ». ನಮಗೆ ಎಷ್ಟು ಗಂಟೆ?
— ಹುಬ್ಬಳ್ಳಿ

ಎರಡನೆಯದು ಸುಲಭ. ಇಟಿ ಎಂದರೆ ನ್ಯೂಯಾರ್ಕಿನ ಗಡಿಯಾರ; ನಮಗದು 16ರ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ಮೊದಲನೆಯದಕ್ಕೆ ಮಾತ್ರ «ಯಾವ ಊರಿನ ಹತ್ತು ಗಂಟೆ?» ಎಂದು ಮರುಪತ್ರ ಬರೆದು ಕೇಳಲೇಬೇಕು. ಸಿಎಸ್‌ಟಿ ಎಂದು ಶಿಕಾಗೋದವರೂ ಬರೆಯುತ್ತಾರೆ, ಚೀನಾದವರೂ ಬರೆಯುತ್ತಾರೆ. ಎರಡಕ್ಕೂ ನಡುವೆ 14 ಗಂಟೆ. ನಮ್ಮ ಐಎಸ್‌ಟಿ ಕೂಡ ಐರ್ಲೆಂಡ್, ಇಸ್ರೇಲ್‌ನವರಿಗೆ ಅವರವರ ವೇಳೆಯೇ. ಸಾಲದ್ದಕ್ಕೆ ಜುಲೈಯಲ್ಲೂ ಇಎಸ್‌ಟಿ ಎಂದೇ ಬರೆಯುವವರಿದ್ದಾರೆ. ಅಕ್ಷರಶಃ ಅದು ನ್ಯೂಯಾರ್ಕಿನ ಚಳಿಗಾಲದ ವೇಳೆ, ಅವರ ಮನಸ್ಸಿನಲ್ಲಿರುವುದು ಗೋಡೆಯ ಮೇಲಿನ ಗಡಿಯಾರ. ನೀವು ಬರೆಯುವಾಗ ವಾರ, ತಾರೀಖು, ಊರಿನ ಹೆಸರು ಮೂರನ್ನೂ ಹಾಕಿ. «ರಾತ್ರಿ 12» ಎಂದಂತೂ ಬರೆಯಬೇಡಿ. ಆ ದಿನ ಶುರುವಾಗುವ ಹನ್ನೆರಡೋ ಮುಗಿಯುವ ಹನ್ನೆರಡೋ ಗೊತ್ತಾಗುವುದಿಲ್ಲ.

ಎಕ್ಸೆಲ್‌ನಲ್ಲಿ ಬೆಳಿಗ್ಗೆ 6:00ರಿಂದ 9:30 ಕಳೆದರೆ ##### ಎಂದು ಬರುತ್ತದೆ.
— ಕಲಬುರಗಿ

ತಾರೀಖಿಲ್ಲದೆ ವೇಳೆ ಮಾತ್ರ ಬರೆದಿದ್ದೀರಿ, ಉತ್ತರ ಸೊನ್ನೆಗಿಂತ ಕೆಳಗೆ ಹೋಯಿತು, ಎಕ್ಸೆಲ್ ಅದನ್ನು ವೇಳೆಯಾಗಿ ತೋರಿಸಲಾರದು. ಒಂದೇ ಕೋಶದಲ್ಲಿ ತಾರೀಖು ಮತ್ತು ವೇಳೆ ಎರಡನ್ನೂ ಬರೆದು ಅದರಿಂದ 9.5/24 ಕಳೆಯಿರಿ (ಎಕ್ಸೆಲ್‌ಗೆ ಒಂದು ದಿನ ಅಂದರೆ 1). ಚಳಿಗಾಲದ ಸಾಲುಗಳಿಗೆ 10.5/24.

ವಿಮಾನದ ಟಿಕೆಟ್ಟಿನಲ್ಲಿರುವುದು ಯಾವ ದೇಶದ ವೇಳೆ?
— ದಾವಣಗೆರೆ

ಹೊರಡುವುದು ಹೊರಡುವ ಊರಿನದು, ತಲುಪುವುದು ತಲುಪುವ ಊರಿನದು. ಜುಲೈಯಲ್ಲಿ ಬೆಂಗಳೂರಿನಿಂದ 3:30ಕ್ಕೆ ಹೊರಟು ಫ್ರಾಂಕ್‌ಫರ್ಟ್‌ಗೆ 9:30ಕ್ಕೆ ತಲುಪುತ್ತದೆ ಎಂದಿದ್ದರೆ ಪ್ರಯಾಣ ಆರು ಗಂಟೆಯದಲ್ಲ, ಮೂರೂವರೆ ಕೂಡಿಸಿ ಒಂಬತ್ತೂವರೆ. ಬರುವಾಗ ಅದೇ ಮೂರೂವರೆ ಕಳೆಯಿರಿ. ವಿಮಾನ ತಪ್ಪಿಸಿಕೊಳ್ಳುವವರು ಹೆಚ್ಚಾಗಿ ಈ ಲೆಕ್ಕದಲ್ಲಿ ಸೋಲುವುದಿಲ್ಲ. ಶನಿವಾರ 00:40ರ ವಿಮಾನಕ್ಕೆ ಶುಕ್ರವಾರ ರಾತ್ರಿಯೇ ಮನೆ ಬಿಡಬೇಕು ಎಂಬುದನ್ನು ಮರೆಯುತ್ತಾರೆ.

ನ್ಯೂಜೆರ್ಸಿಯ ಸೊಸೆ ಊರಿನ ಪಂಚಾಂಗ ನೋಡಿಯೇ ಏಕಾದಶಿ ಮಾಡುತ್ತಾಳೆ. ಅಲ್ಲಿಯ ದೇವಸ್ಥಾನದವರು ಒಂದು ದಿನ ಮೊದಲು ಮಾಡಿದ್ದರು. ಯಾರದು ಸರಿ? ರಾಹುಕಾಲವನ್ನೂ ಒಂಬತ್ತೂವರೆ ಗಂಟೆ ಕಳೆದು ಹೇಳಬಹುದೇ?
— ಉಡುಪಿ

ಪಂಚಾಂಗದಲ್ಲಿ ಎರಡು ಜಾತಿಯ ವೇಳೆಗಳಿವೆ. ಒಂದನ್ನು ಪರಿವರ್ತಿಸಬೇಕು, ಇನ್ನೊಂದನ್ನು ಪರಿವರ್ತಿಸಲೇಬಾರದು.

ತಿಥಿ ಮುಗಿಯುವುದು ಸೂರ್ಯ ಚಂದ್ರರ ನಡುವಿನ ಕೋನದಿಂದ. ಆ ಕ್ಷಣ ಜಗತ್ತಿಗೆಲ್ಲ ಒಂದೇ, ಗಡಿಯಾರದ ಅಂಕಿ ಮಾತ್ರ ಬೇರೆ. ಹಾಗಾಗಿ ಅದನ್ನು ಪರಿವರ್ತಿಸಬೇಕು. ಪಂಚಾಂಗದಲ್ಲಿ ಘಳಿಗೆ ಲೆಕ್ಕವಿದ್ದರೆ ಮೊದಲು ಗಂಟೆಗೆ ತನ್ನಿ: ಒಂದು ಘಳಿಗೆ 24 ನಿಮಿಷ. ಜೂನ್ ತಿಂಗಳ ಒಂದು ಗುರುವಾರ ಏಕಾದಶಿ 12 ಘಳಿಗೆ 30 ವಿಘಳಿಗೆ ಇದ್ದು, ಉಡುಪಿಯ ಸೂರ್ಯೋದಯ 6:00 ಎಂದುಕೊಳ್ಳಿ. ಹನ್ನೆರಡೂವರೆ ಘಳಿಗೆ ಎಂದರೆ ಐದು ಗಂಟೆ. ತಿಥಿ ಬೆಳಿಗ್ಗೆ 11ಕ್ಕೆ ಮುಗಿಯಿತು. ಅದು ಶುರುವಾದದ್ದು ಬುಧವಾರ 11:30ಕ್ಕೆ. ಉಡುಪಿಯಲ್ಲಿ ಬುಧವಾರದ ಸೂರ್ಯೋದಯಕ್ಕೆ ದಶಮಿ, ಗುರುವಾರದ ಸೂರ್ಯೋದಯಕ್ಕೆ ಏಕಾದಶಿ. ಉಪವಾಸ ಗುರುವಾರ.

ಇದೇ ತಿಥಿ ನ್ಯೂಜೆರ್ಸಿಯಲ್ಲಿ ಬುಧವಾರ ನಸುಕಿನ 2:00ರಿಂದ ಗುರುವಾರ 1:30ರವರೆಗೆ. ಅಲ್ಲಿ ಸೂರ್ಯೋದಯ ಸುಮಾರು 5:30ಕ್ಕೆ. ಗುರುವಾರ ಸೂರ್ಯ ಹುಟ್ಟುವ ಹೊತ್ತಿಗೆ ದ್ವಾದಶಿ ಬಂದಾಗಿದೆ. ಅಲ್ಲಿ ಉಪವಾಸ ಬುಧವಾರವೇ. ಮಾಧ್ವ ಸಂಪ್ರದಾಯದಂತೆ ಅರುಣೋದಯಕ್ಕೆ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚಿನ 3:54ಕ್ಕೆ, ದಶಮಿಯ ವೇಧೆ (ಸೋಂಕು) ಇದೆಯೇ ಎಂದು ನೋಡಿದರೂ ಇಲ್ಲಿ ತೊಡಕಿಲ್ಲ. ಎರಡು ಗಂಟೆಗೇ ದಶಮಿ ಕಳೆದಿದೆ. ದೇವಸ್ಥಾನದವರು ಹೀಗೆ ಲೆಕ್ಕ ಹಾಕಿಯೇ ಒಂದು ದಿನ ಮೊದಲು ಮಾಡಿರುತ್ತಾರೆ. ಎಲ್ಲ ಏಕಾದಶಿಯೂ ಹೀಗೆ ಹಿಂದೆ ಸರಿಯುವುದಿಲ್ಲ, ಪ್ರತಿ ಸಲವೂ ನೋಡಬೇಕು.

ರಾಹುಕಾಲ ಹಾಗಲ್ಲ. ಅದು ಆಯಾ ಊರಿನ ಹಗಲನ್ನು ಎಂಟು ಪಾಲು ಮಾಡಿದ್ದು. ಒಂಬತ್ತೂವರೆ ಕಳೆದರೆ ಶುಕ್ರವಾರದ ಹತ್ತೂವರೆಯ ರಾಹುಕಾಲ ಅಲ್ಲಿ ನಡುರಾತ್ರಿ ಒಂದು ಗಂಟೆಗೆ ಬಂದು ಕೂರುತ್ತದೆ! ಸೊಸೆ ತನ್ನ ಊರಿನ ಹಗಲನ್ನೇ ಹಿಡಿಯಲಿ. ಜೂನ್‌ನಲ್ಲಿ ಅಲ್ಲಿ 5:30ರಿಂದ ರಾತ್ರಿ 8:30ರವರೆಗೆ ಹಗಲು, 15 ಗಂಟೆ. ಒಂದು ಪಾಲು 1 ಗಂಟೆ 52 ನಿಮಿಷ 30 ಸೆಕೆಂಡ್. ಶುಕ್ರವಾರಕ್ಕೆ ನಾಲ್ಕನೇ ಪಾಲು, ಅಂದರೆ ಬೆಳಿಗ್ಗೆ 11:07ರಿಂದ ಮಧ್ಯಾಹ್ನ 1ರವರೆಗೆ. ಸೋಮವಾರಕ್ಕೆ ಎರಡನೇ ಪಾಲು: 7:22ರಿಂದ 9:15.