ಸ್ತೋತ್ರ ಬರೀ ಬಾಯಿಮಾತಾಗದಿರಲು

ಪ್ರಶ್ನೆ: ಪ್ರತಿ ರಾತ್ರಿ ‘ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ, ಕೆಲಸಕ್ಕಾಗಿ ಸ್ತೋತ್ರ ಕರ್ತನೇ’ ಎಂದು ದೇವರಿಗೆ ಕೃತಜ್ಞತೆ ಹೇಳಿ ಮಲಗುತ್ತೇನೆ. ವರ್ಷಗಳಿಂದ ಇದೇ ಮೂರು ಮಾತು. ಹೇಳುವಾಗ ಮನಸ್ಸು ಬೇರೆಲ್ಲೋ ಇರುತ್ತದೆ. ಏನು ಮಾಡಲಿ?

ಉತ್ತರ: ಆ ಮೂರು ಪದಗಳು ತೀರಾ ದೊಡ್ಡವು. ‘ಆರೋಗ್ಯ’ ಎಂದಾಗ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಮೂರು ದಿನದಿಂದ ಹಿಡಿದಿದ್ದ ಸೊಂಟ ಇವತ್ತು ಬಿಟ್ಟಿತು, ಬಗ್ಗಿ ಮಗಳ ಶೂ ಲೇಸ್ ಕಟ್ಟಿದೆ’ ಎಂದರೆ ಕಟ್ಟುತ್ತದೆ. ಬೈಬಲಿನ 103ನೇ ಕೀರ್ತನೆ ಕರ್ತನ ಉಪಕಾರಗಳನ್ನು ಮರೆಯಬೇಡ ಎಂದಷ್ಟೇ ಹೇಳಿ ಬಿಡುವುದಿಲ್ಲ, ಮುಂದಿನ ವಚನಗಳಲ್ಲೇ ಕ್ಷಮೆ, ಗುಣ, ಬಿಡುಗಡೆ ಎಂದು ಬಿಡಿಬಿಡಿಯಾಗಿ ಎಣಿಸುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ರಾತ್ರಿ ಊಟವಾದ ಮೇಲೆ, ಮೊಬೈಲ್ ಕೈಗೆತ್ತಿಕೊಳ್ಳುವ ಮೊದಲು ಹತ್ತು ನಿಮಿಷ ಸಾಕು. ಹಾಸಿಗೆಗೆ ಹೋದ ಮೇಲೆ ಬರೆಯುತ್ತೇನೆಂದರೆ ನಿದ್ದೆ ಗೆಲ್ಲುತ್ತದೆ. ದಿನಕ್ಕೆ ಮೂರೇ ವಿಷಯ. ಪ್ರತಿಯೊಂದರಲ್ಲೂ ಏನಾಯಿತು, ಯಾರ ಕೈಯಿಂದ ಬಂತು, ಅದು ಇಲ್ಲದಿದ್ದರೆ ಈ ದಿನ ಹೇಗಿರುತ್ತಿತ್ತು ಎಂಬುದು ಬರಲಿ. ಒಮ್ಮೆ ಬರೆದದ್ದನ್ನು ಏಳು ದಿನ ಮತ್ತೆ ಬರೆಯಕೂಡದು. ಬರೆದಾದ ಮೇಲೆ ಅದನ್ನೇ ಮೆಲ್ಲಗೆ, ಆದರೆ ಬಾಯಿಬಿಟ್ಟು ದೇವರಿಗೆ ಓದಿ ಹೇಳಿ. ಇಲ್ಲವಾದರೆ ಅದು ಡೈರಿಯಾಗುತ್ತದೆ, ಪ್ರಾರ್ಥನೆಯಾಗುವುದಿಲ್ಲ.

ಐದಾರು ದಿನಕ್ಕೆ ಪೆನ್ನು ನಿಲ್ಲಬಹುದು. ಗಾಬರಿ ಬೇಡ, ನಿಜವಾದ ಅಭ್ಯಾಸ ಶುರುವಾಗುವುದೇ ಅಲ್ಲಿ. ಎದ್ದ ಗಳಿಗೆಯಿಂದ ಹಿಡಿದು ದಿನವನ್ನು ಗಂಟೆ ಗಂಟೆಯಾಗಿ ನೆನೆಯುತ್ತಾ ಬನ್ನಿ. 16ನೇ ಶತಮಾನದಲ್ಲಿ ಜೆಸ್ಯೂಟ್ ಸಂಘದ ಸ್ಥಾಪಕ ಲೊಯೋಲದ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆಯಲ್ಲೂ ಹೀಗೆ ಗಂಟೆ ಗಂಟೆಯ ಲೆಕ್ಕ ನೋಡುವುದಿದೆ. ಅದರ ಐದು ಹಂತಗಳಲ್ಲಿ ಮೊದಲನೆಯದು ಕೃತಜ್ಞತೆ. ಪಾಪಗಳನ್ನು ಕಾಣುವ ಕೃಪೆ ಬೇಡುವುದು ಎರಡನೆಯದು. ಈ ಕ್ರಮ ತಿರುಗಿಸಬೇಡಿ. ದಿನದ ತಪ್ಪುಗಳಿಂದ ಆರಂಭಿಸಿದರೆ ಸ್ತೋತ್ರಕ್ಕೆ ಬರುವ ಹೊತ್ತಿಗೆ ಮನಸ್ಸು ಕುಗ್ಗಿಹೋಗಿರುತ್ತದೆ.

ಪ್ರಶ್ನೆ: ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಸಭೆಯ ಹಿರಿಯರು ‘ಎಲ್ಲದಕ್ಕೂ ಸ್ತೋತ್ರ ಹೇಳು’ ಎನ್ನುತ್ತಾರೆ. ಹೇಳಿದರೆ ಸುಳ್ಳು ಹೇಳಿದಂತೆ ಅನಿಸುತ್ತದೆ.

ಉತ್ತರ: ಸುಳ್ಳು ಹೇಳಬೇಡಿ, ಅಣ್ಣಾ. 1 ಥೆಸಲೋನಿಕ 5:18 ಹೇಳುವುದು ‘ಎಲ್ಲದರಲ್ಲಿಯೂ’ ಕೃತಜ್ಞತಾಸ್ತುತಿ ಮಾಡಿ ಎಂದು. ಮೂಲ ಗ್ರೀಕಿನಲ್ಲೂ ಅದೇ ಅರ್ಥ. ಎಫೆಸ 5:20ರಲ್ಲಿ ‘ಎಲ್ಲದಕ್ಕೋಸ್ಕರ’ ಎಂದಿದೆಯಲ್ಲ ಎಂದು ಹಿರಿಯರು ಕೇಳಬಹುದು, ಇದೆ. ಆದರೆ ಅದೇ ಅಧ್ಯಾಯದ 11ನೇ ವಚನ ಕತ್ತಲೆಯ ಕೃತ್ಯಗಳನ್ನು ಬಯಲಿಗೆ ತನ್ನಿ ಎನ್ನುತ್ತದೆ. ನಿಮಗೆ ಅನ್ಯಾಯವಾಗಿದ್ದರೆ ಅದನ್ನು ಅನ್ಯಾಯವೆಂದೇ ಕರೆಯಿರಿ. ಆ ಅನ್ಯಾಯವನ್ನೇ ಒಳ್ಳೆಯದೆಂದು ಹೊಗಳುವ ಹೊರೆಯನ್ನು ಈ ಪತ್ರಗಳನ್ನು ಬರೆದ ಅಪೊಸ್ತಲ ಪೌಲನು ಯಾರ ಮೇಲೂ ಹೊರಿಸಿಲ್ಲ.

13ನೇ ಕೀರ್ತನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಅದು ‘ಇನ್ನೆಷ್ಟರವರೆಗೆ’ ಎಂಬ ಕೂಗಿನಿಂದ ಶುರುವಾಗುತ್ತದೆ, ಹಾಡು ಕೊನೆಯಲ್ಲಿ ಬರುತ್ತದೆ. ನೀವೂ ಮೊದಲು ನಾಲ್ಕು ಸಾಲು ದೂರು ಬರೆಯಿರಿ, ಮೆದು ಮಾಡದೆ. ಆಮೇಲೆ ಒಂದೇ ಒಂದು ಸಾಲು ಸ್ತೋತ್ರ. ಇಂಥ ದಿನಗಳಲ್ಲಿ ಮೂರರ ಲೆಕ್ಕ ಬೇಡ. ಆ ಒಂದು ಸಾಲೂ ಬಾರದ ರಾತ್ರಿ ದೂರನ್ನೇ ದೇವರ ಮುಂದಿಟ್ಟು ಮಲಗಿ. 88ನೇ ಕೀರ್ತನೆ ಮುಗಿಯುವುದು ಕತ್ತಲೆಯಲ್ಲೇ, ಆದರೂ ಅದು ಪ್ರಾರ್ಥನೆಯೇ. ಹಲವು ವಾರ ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಅದು ವಿಶ್ವಾಸದ ಕೊರತೆಯಲ್ಲ.

ಪ್ರಶ್ನೆ: ನಮಗಿಂತ ಕಷ್ಟದಲ್ಲಿರುವವರನ್ನು ನೋಡಿ ನಮ್ಮ ಸ್ಥಿತಿಗೆ ಸ್ತೋತ್ರ ಹೇಳುವುದು ಸರಿಯೇ?

ಉತ್ತರ: ಜಾಗ್ರತೆ. ಲೂಕ 18ರ ಕಥೆಯಲ್ಲಿ ತಾನೇ ನೀತಿವಂತನೆಂದುಕೊಂಡ ಫರಿಸಾಯನ ಪ್ರಾರ್ಥನೆಯೂ ಕೃತಜ್ಞತೆಯ ಮಾತಿನಿಂದಲೇ ಶುರುವಾಗುತ್ತದೆ: ನಾನು ಉಳಿದವರಂತಲ್ಲ ಎಂದು. ಇನ್ನೊಬ್ಬರ ಕಷ್ಟ ಕಣ್ಣಿಗೆ ಬಿದ್ದರೆ ಅದು ಅವರಿಗಾಗಿ ಬೇಡಿಕೆಯಾಗಲಿ, ಸಾಧ್ಯವಾದರೆ ಸಹಾಯವೂ ಆಗಲಿ.

ಪ್ರಶ್ನೆ: ‘ದೇವರಿಗೆ ದಿನಾ ಸ್ತೋತ್ರ ಹೇಳ್ತೀರಿ, ನನಗೆ ಒಂದು ಮಾತೂ ಇಲ್ಲ’ ಎಂದು ಹೆಂಡತಿ ಅಂದಳು. ನನಗೆ ಇಂಥದ್ದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲ.

ಉತ್ತರ: ಅವರ ಮಾತು ನ್ಯಾಯವಾದದ್ದು. ರೋಮಾ 16ರಲ್ಲಿ ಪೌಲನು ಪ್ರಿಸ್ಕಿಲ್ಲ ಅಕ್ವಿಲ ದಂಪತಿಯ ಹೆಸರು ಹಿಡಿದು, ಅವರು ತನಗಾಗಿ ಪ್ರಾಣವನ್ನೇ ಒಡ್ಡಿದರೆಂದು ಹೇಳಿ ಕೃತಜ್ಞತೆ ಸಲ್ಲಿಸುತ್ತಾನೆ. ಹೆಸರೂ ಇದೆ, ಅವರು ಮಾಡಿದ್ದೂ ಇದೆ. ನೀವು ಇನ್ನೊಂದು ಸೇರಿಸಿ: ಅದರಿಂದ ನಿಮಗೇನಾಯಿತು ಎಂಬುದು. ‘ನಿನ್ನೆ ರಾತ್ರಿ ಮಗುವಿಗೆ ಜ್ವರ ಬಂದಾಗ ಎರಡು ಸಲವೂ ನೀನೇ ಎದ್ದೆ. ಅದರಿಂದ ನನಗೆ ನಿದ್ದೆಯಾಯಿತು, ಬೆಳಿಗ್ಗೆ ಕೆಲಸಕ್ಕೆ ಹೋಗಲು ಆಯಿತು. ಇವತ್ತು ರಾತ್ರಿ ನಾನು ಏಳುತ್ತೇನೆ.’ ಇಷ್ಟು ಸಾಕು. ಆಮೇಲೆ ನಿಜವಾಗಿ ಏಳಬೇಕು.

ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮೆಚ್ಚುಗೆಯ ಬಾಲಕ್ಕೆ ‘ಆದರೆ’ ಅಂಟಿಸಿದರೆ ಕಿವಿಯಲ್ಲಿ ಉಳಿಯುವುದು ‘ಆದರೆ’ಯ ನಂತರದ್ದು ಮಾತ್ರ. ಅದೇ ಉಸಿರಿನಲ್ಲಿ ಇನ್ನೊಂದು ಕೆಲಸ ಕೇಳಿದರೆ ಹೇಳಿದ್ದೆಲ್ಲ ಬೆಣ್ಣೆ ಹಚ್ಚಿದಂತಾಗುತ್ತದೆ. ಎದುರು ನಿಂತು ಹೇಳಲು ನಾಲಿಗೆ ಏಳದಿದ್ದರೆ ಮೊದಲ ವಾರ ಎರಡು ಸಾಲು ಚೀಟಿ ಬರೆದಿಡಿ, ಎರಡನೇ ವಾರದಿಂದ ಬಾಯಲ್ಲೇ ಹೇಳಿ. ನೋಟ್‌ಬುಕ್ಕಿನಲ್ಲಿ ‘ಯಾರ ಕೈಯಿಂದ’ ಎಂಬಲ್ಲಿ ಅವರ ಹೆಸರು ಬಂದ ದಿನ ಪುಸ್ತಕ ಮುಚ್ಚುವ ಮೊದಲೇ ಹೋಗಿ ಹೇಳಿ, ನಾಳೆಗೆ ಇಡಬೇಡಿ. ಯಾಜಕಕಾಂಡ 7:15ರ ನಿಯಮವೂ ಹಾಗೆಯೇ ಇತ್ತು: ಕೃತಜ್ಞತೆಗಾಗಿ ಅರ್ಪಿಸಿದ ಯಜ್ಞದ ಮಾಂಸವನ್ನು ಆ ದಿನವೇ ಊಟಮಾಡಿ ಮುಗಿಸಬೇಕು, ಮರುದಿನದ ಬೆಳಗಿಗೆ ಏನೂ ಉಳಿಯಬಾರದು.