ಬ್ಲೇಡ್ ರನ್ನರ್: ಇಷ್ಟೊಂದು ಕಟ್‌ಗಳಲ್ಲಿ ಯಾವುದನ್ನು ನೋಡೋದು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಬ್ಲೇಡ್ ರನ್ನರ್ ಅನ್ನುವ ಇಂಗ್ಲಿಷ್ ಸಿನಿಮಾ ನೋಡಲೇಬೇಕು ಅಂತ ಗೆಳೆಯರು ಹಿಂದೆ ಬಿದ್ದಿದ್ದಾರೆ. ಹುಡುಕಿದರೆ ಥಿಯೇಟ್ರಿಕಲ್ ಕಟ್, ಡೈರೆಕ್ಟರ್ಸ್ ಕಟ್, ಫೈನಲ್ ಕಟ್ ಅಂತ ಒಂದೇ ಸಿನಿಮಾದ ಬೇರೆ ಬೇರೆ ಆವೃತ್ತಿಗಳು ಸಾಲಾಗಿ ಬರುತ್ತವೆ. ಡೈರೆಕ್ಟರ್ಸ್ ಕಟ್ ಅಂದರೆ ನಿರ್ದೇಶಕರು ಮಾಡಿದ್ದೇ ತಾನೆ, ಅದನ್ನು ನೋಡಿದರೆ ಸಾಕಲ್ವಾ?
– ಓದುಗ, ದಾವಣಗೆರೆ

ಉತ್ತರ: ಫೈನಲ್ ಕಟ್ ನೋಡಿ, 2007ರದು. ಮೊದಲ ಸಲ ನೋಡುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ.

ಡೈರೆಕ್ಟರ್ಸ್ ಕಟ್ ಅನ್ನುವ ಹೆಸರು ಎಂಥವರನ್ನೂ ದಾರಿ ತಪ್ಪಿಸುತ್ತದೆ. ಆಗಿದ್ದಿಷ್ಟು. 1982ರ ಮಾರ್ಚ್‌ನಲ್ಲಿ, ಬಿಡುಗಡೆಗೆ ಮುಂಚೆ, ಡೆನ್ವರ್ ಮತ್ತು ಡಲ್ಲಾಸ್‌ನಲ್ಲಿ ಸಿನಿಮಾವನ್ನು ಒಂದಷ್ಟು ಜನರಿಗೆ ತೋರಿಸಿ ನೋಡಿದರು. ಜನಕ್ಕೆ ಹಿಡಿಸಲಿಲ್ಲ. ದುಡ್ಡು ಹಾಕಿದವರು ಗಾಬರಿಯಾಗಿ, ನಾಯಕ ಡೆಕರ್ಡ್ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಕೈಲಿ ಹಿನ್ನೆಲೆ ಮಾತು ಹೇಳಿಸಿ, ಕೊನೆಗೊಂದು ಸುಖಾಂತ್ಯ ಅಂಟಿಸಿ, ಜೂನ್ 25ಕ್ಕೆ ಥಿಯೇಟರಿಗೆ ಬಿಟ್ಟರು. ಎಂಟು ವರ್ಷ ಕಳೆದ ಮೇಲೆ, 1990ರಲ್ಲಿ, ಲಾಸ್ ಏಂಜಲೀಸ್‌ನ ಒಂದು ಥಿಯೇಟರ್‌ನಲ್ಲಿ ಮಾಮೂಲಿ ಪ್ರಿಂಟಿನ ಬದಲು ಆ ಹಳೇ ಪರೀಕ್ಷೆಯ ಪ್ರಿಂಟೇ ತೆರೆಗೆ ಬಂತು. ನೋಡಿದವರು ಇದೇ ಚೆನ್ನಾಗಿದೆ ಅಂದರು. ಆ ಸದ್ದಿನ ಬೆನ್ನಿಗೇ 1992ರ ಡೈರೆಕ್ಟರ್ಸ್ ಕಟ್ ಬಂದಿದ್ದು. ಅದನ್ನು ನಿರ್ದೇಶಕ ರಿಡ್ಲಿ ಸ್ಕಾಟ್ ತಾನೇ ಕೂತು ಮಾಡಲಿಲ್ಲ. ಅವರು ಕೊಟ್ಟ ಟಿಪ್ಪಣಿ ಇಟ್ಟುಕೊಂಡು ಬೇರೆಯವರು ಆತುರದಲ್ಲಿ ಮುಗಿಸಿದರು. ಪೂರ್ತಿ ಸ್ಕಾಟ್ ಕೈಯಲ್ಲಿ ಇದ್ದದ್ದು 2007ರ ಫೈನಲ್ ಕಟ್ ಒಂದೇ.

ಹಳೇ ತಪ್ಪುಗಳನ್ನೂ ಅಲ್ಲಿ ಸರಿ ಮಾಡಿದ್ದಾರೆ. ಜೋರಾ ಅನ್ನುವ ಹೆಣ್ಣು ಪಾರದರ್ಶಕ ರೈನ್‌ಕೋಟ್ ಹಾಕಿಕೊಂಡು, ಗುಂಡೇಟು ತಿಂದು, ಅಂಗಡಿಯ ಗಾಜುಗಳನ್ನು ಒಂದೊಂದಾಗಿ ಒಡೆದುಕೊಂಡು ಓಡುವ ದೃಶ್ಯ ಇದೆ. ಇಪ್ಪತ್ತೈದು ವರ್ಷ ಅಲ್ಲಿ ಕಾಣುತ್ತಿದ್ದದ್ದು ಸಾಹಸ ಕಲಾವಿದೆಯ ಮುಖ, ವಿಗ್ ಕೂಡ ಎದ್ದು ಕಾಣುತ್ತಿತ್ತು. ಫೈನಲ್ ಕಟ್‌ಗಾಗಿ ನಟಿ ಜೊವಾನಾ ಕ್ಯಾಸಿಡಿಯನ್ನೇ ಮತ್ತೆ ಕರೆಸಿ, ಚಿತ್ರೀಕರಿಸಿ, ಅವರ ಮುಖ ಕೂರಿಸಿದರು. ಸುಮ್ನೆ ನಾಜೂಕಿಗೆ ಮಾಡಿದ ಕೆಲಸ ಅಲ್ಲ ಇದು. ಒಬ್ಬಳು ಸಾಯುತ್ತಿರುವಾಗ ನಮ್ಮ ಕಣ್ಣು ವಿಗ್ ಕಡೆ ಹೋಗಬಾರದು.

ಪ್ರಶ್ನೆ: ನಮ್ಮ ತಂದೆ ಮೊದಲು ನೋಡಿದ್ದು ವಿಡಿಯೊ ಕ್ಯಾಸೆಟ್‌ನಲ್ಲಿ, ಡೆಕರ್ಡ್ ಕತೆ ಹೇಳುವ 1982ರದು. ಆ ಮಾತು ತೆಗೆದ ಮೇಲೆ ಸಿನಿಮಾ ಸಪ್ಪೆ ಅಂತಾರೆ. ನನಗೆ ಆ ಧ್ವನಿಯೇ ಕಿರಿಕಿರಿ. ಯಾರು ಸರಿ?
– ಓದುಗಿ, ಮೈಸೂರು

ಉತ್ತರ: ಸಿನಿಮಾ ಇನ್ನೂ ನೋಡದವರು ಈ ಉತ್ತರ ಬಿಟ್ಟು ಮುಂದಿನದಕ್ಕೆ ಹೋಗಿ, ಕೊನೆಯ ವಿಷಯ ಬರುತ್ತದೆ.

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಧ್ವನಿಯಿಂದ ಉಪಯೋಗ ಇದೆ. ಆ ಊರಿನ ಬೀದಿಯಲ್ಲಿ ಜನ ಆಡುವ ಕಲಬೆರಕೆ ಭಾಷೆ ಏನು, ಡೆಕರ್ಡ್ ಯಾಕೆ ಕೆಲಸ ಬಿಟ್ಟಿದ್ದ, ಎಲ್ಲ ಅದರಲ್ಲೇ ಗೊತ್ತಾಗುವುದು. ಇಂಗ್ಲಿಷ್ ಸಿನಿಮಾ ರೂಢಿ ಇಲ್ಲದೆ ಮೊದಲ ಸಲ ಕೂತವರಿಗೆ ಅದು ಕೈ ಹಿಡಿದು ನಡೆಸಿದ ಹಾಗೆ.

ಆದರೆ ರಾಯ್ ಬ್ಯಾಟಿ ಸಾಯುವ ದೃಶ್ಯ ಇದೆಯಲ್ಲ, ಅಲ್ಲಿಗೆ ನಾನು ನಿಮ್ಮ ಕಡೆ. ಬ್ಯಾಟಿ ಮನುಷ್ಯ ಅಲ್ಲ, ಮನುಷ್ಯರು ತಯಾರಿಸಿದ ರೆಪ್ಲಿಕೆಂಟ್, ಆಯಸ್ಸು ನಾಲ್ಕೇ ವರ್ಷ. ತನ್ನನ್ನು ಕೊಲ್ಲಲು ಬಂದ ಡೆಕರ್ಡ್ ಬಿಲ್ಡಿಂಗಿನ ತುದಿಯಿಂದ ಜಾರುವಾಗ ಅವನೇ ಹಿಡಿದು ಮೇಲೆ ಎಳೆಯುತ್ತಾನೆ. ಆಮೇಲೆ ಮಳೆಯಲ್ಲಿ, ಕೈಯಲ್ಲೊಂದು ಬಿಳಿ ಪಾರಿವಾಳ ಹಿಡಿದು ಕೂತು, ತಾನು ಕಂಡದ್ದನ್ನು ನಾಲ್ಕು ಮಾತಲ್ಲಿ ಹೇಳುತ್ತಾನೆ. ಬರೆದುಕೊಟ್ಟ ಉದ್ದ ಮಾತನ್ನು ಕತ್ತರಿಸಿ, ಕಣ್ಣೀರು ಮಳೆಯಲ್ಲಿ ಕರಗುವ ಆ ಸಾಲನ್ನು ಸೇರಿಸಿದ್ದು ನಟ ರುಟ್ಗರ್ ಹೌವರ್ ಅವರೇ. ತಲೆ ಬಾಗುತ್ತದೆ. ಕ್ಯಾಮೆರಾ ಡೆಕರ್ಡ್ ಮುಖಕ್ಕೆ ಬರುತ್ತದೆ, ಪೆಟ್ಟು ತಿಂದ ಮುಖ, ನೀರು ಇಳಿಯುತ್ತಿದೆ, ಅವನು ಸುಮ್ಮನೆ ನೋಡುತ್ತಿದ್ದಾನೆ. 1982ರದರಲ್ಲಿ ಸರಿಯಾಗಿ ಇಲ್ಲಿಗೇ ಧ್ವನಿ ಬಂದು ಇವನು ನನ್ನನ್ನು ಯಾಕೆ ಉಳಿಸಿದನೋ ಅಂತ ವಿವರಿಸಲು ಶುರು ಮಾಡುತ್ತದೆ. ಸಾವಿನ ಮನೆಯಲ್ಲಿ ಎಲ್ಲರೂ ಸುಮ್ಮನೆ ಕೂತಿರುವಾಗ ಒಬ್ಬರು ಮಾತು ತೆಗೆದರೆ ಹೇಗಿರುತ್ತದೋ ಹಾಗೆ.

ಪಾರಿವಾಳವೂ ಅಷ್ಟೇ. ಹಳೆಯ ಕಟ್‌ಗಳಲ್ಲಿ ಸುರಿಯುವ ಮಳೆಯ ರಾತ್ರಿಯಿಂದ ಹಾರಿದ ಹಕ್ಕಿ ತಟ್ಟನೆ ನೀಲಿ ಆಕಾಶ ಸೇರುತ್ತಿತ್ತು! 2007ರಲ್ಲಿ ಅದು ಕತ್ತಲೆಗೇ ಹಾರುತ್ತದೆ.

ಇನ್ನು 1982ರ ಸುಖಾಂತ್ಯ. ಡೆಕರ್ಡ್ ಮತ್ತು ಅವನು ಪ್ರೀತಿಸುವ ರೆಪ್ಲಿಕೆಂಟ್ ರೇಚಲ್ ಹಸಿರು ಬೆಟ್ಟಗಳ ನಡುವೆ ಕಾರಲ್ಲಿ ಹೋಗುತ್ತಾರಲ್ಲ, ಮೇಲಿಂದ ತೆಗೆದ ಆ ದೃಶ್ಯಗಳು ಈ ಸಿನಿಮಾದ್ದೇ ಅಲ್ಲ, ಸ್ಟಾನ್ಲಿ ಕುಬ್ರಿಕ್ ತಮ್ಮ ದಿ ಶೈನಿಂಗ್‌ಗೆ ತೆಗೆಸಿ ಬಳಸದೆ ಉಳಿದಿದ್ದ ರೀಲು. ರೇಚಲ್‌ಗೆ ಆಯಸ್ಸಿನ ಮಿತಿ ಇಲ್ಲ ಅಂತ ಅಲ್ಲೂ ಧ್ವನಿ ಹೇಳಿಬಿಡುತ್ತದೆ. ಎಷ್ಟು ದಿನ ಉಳಿದಿದೆಯೋ ಯಾರಿಗೂ ಗೊತ್ತಿಲ್ಲ ಅನ್ನುವುದೇ ಈ ಕತೆಯ ನೋವು, ಅದನ್ನೇ ತೆಗೆದ ಹಾಗಾಯ್ತು. ಮುಂದಿನ ಎರಡು ಕಟ್‌ಗಳಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಸಿನಿಮಾ ಮುಗಿಯುತ್ತದೆ.

ಫೈನಲ್ ಕಟ್‌ನಲ್ಲಿ ಒಂದೇ ಒಂದು ವಿಷಯಕ್ಕೆ ನನ್ನ ತಕರಾರು ಇದೆ. ಡೆಕರ್ಡ್‌ಗೆ ಬೀಳುವ ಒಂಟಿಕೊಂಬಿನ ಕುದುರೆಯ ಕನಸು 1982ರದರಲ್ಲಿ ಇರಲಿಲ್ಲ, 1992ರಲ್ಲಿ ಬಂತು, 2007ರಲ್ಲಿ ಇನ್ನಷ್ಟು ಬೆಳೆಯಿತು. ಕೊನೆಗೆ ಬಾಗಿಲ ಹತ್ತಿರ ಅದೇ ಕುದುರೆಯ ಕಾಗದದ ಬೊಂಬೆ ಸಿಗುತ್ತದೆ. ಅವನ ಕನಸು ಬೇರೆಯವರಿಗೂ ಗೊತ್ತಿದೆ ಅಂದರೆ ಅದು ತಲೆಗೆ ತುಂಬಿಟ್ಟದ್ದು, ಡೆಕರ್ಡ್ ಕೂಡ ರೆಪ್ಲಿಕೆಂಟ್ ಅನ್ನುವ ಅರ್ಥ ಬರುತ್ತದೆ. ಸ್ಕಾಟ್ ಹೌದು ಅಂತಲೇ ಹೇಳಿದ್ದಾರೆ. ಫೋರ್ಡ್ ಅವನು ಮನುಷ್ಯ ಆಗಿರಬೇಕು ಅಂತ ವಾದಿಸಿದ್ದರು. ನಾನು ಫೋರ್ಡ್ ಕಡೆ. ಮನುಷ್ಯನಿಗೇ ಕರುಣೆ ಬತ್ತಿಹೋಗಿ, ಅದನ್ನು ಬ್ಯಾಟಿ ತೋರಿಸಿಕೊಟ್ಟ ಅಂದರೆ ಆ ದೃಶ್ಯದ ತೂಕವೇ ಬೇರೆ.

ಒಂದು ಸಂಜೆ ತಂದೆಯವರ ಜೊತೆ ಕೂತು ಎರಡರ ಕೊನೆಯ ಅರ್ಧ ಗಂಟೆಯನ್ನು ಒಂದಾದ ಮೇಲೆ ಒಂದು ನೋಡಿ.

ಪ್ರಶ್ನೆ: ನನ್ನ ಹತ್ತಿರ ಒಂದು ಡಿಸ್ಕ್ ಇದೆ, ಕವರ್ ಕಳೆದುಹೋಗಿದೆ. ಯಾವ ಕಟ್ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?
– ಓದುಗ, ಕುಮಟಾ

ಉತ್ತರ: ಅವಧಿ ನೋಡಿ ಪ್ರಯೋಜನ ಇಲ್ಲ, ಮೂರೂ ಹೆಚ್ಚುಕಡಿಮೆ 117 ನಿಮಿಷವೇ. ಮೊದಲ ಕಾಲು ಗಂಟೆ ಹಾಕಿ ನೋಡಿ. ಡೆಕರ್ಡ್ ಮಳೆಯಲ್ಲಿ ಪೇಪರ್ ಓದುತ್ತಾ ಕೂತಿರುವಾಗ ಅವನ ಧ್ವನಿ ಕೇಳಿಸಿದರೆ 1982ರದು. ಕೇಳಿಸಲಿಲ್ಲವಾ, ಇನ್ನು ಸ್ವಲ್ಪ ಹೊತ್ತು ಕೂತಿರಿ, ಪೊಲೀಸ್ ಅಧಿಕಾರಿ ಬ್ರಯಂಟ್ ತಪ್ಪಿಸಿಕೊಂಡು ಬಂದ ರೆಪ್ಲಿಕೆಂಟ್‌ಗಳ, ಅಂದರೆ ಮನುಷ್ಯರ ಹಾಗೇ ಕಾಣುವ ತಯಾರಿಸಿದ ಜೀವಿಗಳ ಲೆಕ್ಕ ಕೊಡುತ್ತಾನೆ. ಬಂದವರು ಆರು ಜನ, ಉಳಿದು ಕತೆಯಲ್ಲಿ ಓಡಾಡುವವರು ನಾಲ್ಕು. ಹಳೆಯದರಲ್ಲಿ ಸುಟ್ಟುಹೋದವರು ಒಬ್ಬರು ಅಂತ ಅವನು ಹೇಳುವುದರಿಂದ ಲೆಕ್ಕ ತಾಳೆಯಾಗದೆ, ಹಾಗಾದರೆ ಇನ್ನೊಬ್ಬ ಡೆಕರ್ಡೇನಾ ಅಂತ ಅಭಿಮಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಬ್ರಯಂಟ್ ಬಾಯಲ್ಲಿ ಇಬ್ಬರು ಅಂತ ಬಂದರೆ ನಿಮ್ಮ ಕೈಲಿರುವುದು ಫೈನಲ್ ಕಟ್. ಹಾಗಿದ್ದರೆ ನಿಲ್ಲಿಸಬೇಡಿ, ದೀಪ ಆರಿಸಿ ಪೂರ್ತಿ ನೋಡಿಬಿಡಿ.