ಎದೆಯಲ್ಲಿ ತುಂಬಿದ ನೀರು ತಾನಾಗಿ ಇಂಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಮೂರು ವಾರಗಳಿಂದ ಸಂಜೆಯ ಹೊತ್ತಿಗೆ ಸಣ್ಣ ಜ್ವರ, ಒಣಕೆಮ್ಮು, ಉಸಿರೆಳೆದಾಗ ಬಲಪಕ್ಕೆಯಲ್ಲಿ ಚುಚ್ಚಿದಂತಹ ನೋವು ಇತ್ತು. ಎಕ್ಸ್-ರೇ ತೆಗೆಸಿದಾಗ ಶ್ವಾಸಕೋಶದ ಸುತ್ತ ನೀರು ತುಂಬಿರುವುದು ತಿಳಿಯಿತು. ಸೂಜಿಯಿಂದ ನೀರು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದ್ದಾರೆ. ಈಗ ನೋವು ತಾನಾಗಿ ಕಡಿಮೆಯಾಗಿದೆ. ಒಮ್ಮೆ ತೆಗೆಸಿದರೆ ಮತ್ತೆ ಮತ್ತೆ ತುಂಬಿಕೊಳ್ಳುತ್ತದೆ, ಬಿಟ್ಟರೆ ತಾನೇ ಇಂಗಿಹೋಗುತ್ತದೆ ಎಂದು ಮನೆಯ ಹಿರಿಯರು ತಡೆಯುತ್ತಿದ್ದಾರೆ. ಕೆಲವು ವಾರ ಕಾದು ನೋಡಬಹುದೇ?

ಉತ್ತರ: ನಿಮ್ಮ ತಮ್ಮನ ವಿಷಯದಲ್ಲಿ ಕಾಯುವುದು ಸರಿಯಲ್ಲ. ನೀರು ತಾನಾಗಿ ಇಂಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇಂಗಿದರೂ ಇಂಗೀತು, ನನ್ನ ಆತಂಕವಿರುವುದೂ ಅಲ್ಲಿಯೇ.

ಶ್ವಾಸಕೋಶದ ಹೊರಮೈಗೆ ಒಂದು ತೆಳುವಾದ ಪೊರೆ, ಎದೆಗೂಡಿನ ಒಳಮೈಗೆ ಇನ್ನೊಂದು ಪೊರೆ ಇದ್ದು, ಇವೆರಡನ್ನೂ ಪ್ಲೂರಾ ಎನ್ನುತ್ತಾರೆ. ಉಸಿರಾಡುವಾಗ ಅವು ಒಂದರ ಮೇಲೊಂದು ನುಣ್ಣಗೆ ಜಾರಲೆಂದು ನಡುವೆ ಕೆಲವೇ ಚಮಚಗಳಷ್ಟು ದ್ರವ ಸದಾ ಇರುತ್ತದೆ. ಅದು ಒಂದೆಡೆ ಒಸರುತ್ತ, ಇನ್ನೊಂದೆಡೆ ದುಗ್ಧನಾಳಗಳ ಮೂಲಕ ಹೀರಲ್ಪಡುತ್ತ ಇರುವುದರಿಂದ ಆರೋಗ್ಯವಂತರಲ್ಲಿ ಪ್ರಮಾಣ ಹೆಚ್ಚಾಗುವುದಿಲ್ಲ. ಒಸರುವುದು ಮಿತಿಮೀರಿದರೆ ಅಥವಾ ಹೀರುವ ದಾರಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ನಿಂತು ತೆಗೆಸಿದ ಎದೆಯ ಎಕ್ಸ್-ರೇಯಲ್ಲಿ ಅದು ಸ್ಪಷ್ಟವಾಗಿ ಕಾಣಬೇಕಾದರೆ ಸುಮಾರು 200 ಮಿ.ಲೀ. ಸೇರಿರಬೇಕು. ನೀರು ಇರುವುದು ಶ್ವಾಸಕೋಶದ ಒಳಗಲ್ಲ, ಹೊರಗೆ. ಆದ್ದರಿಂದ ಕೆಮ್ಮಿ ಉಗುಳಿ ಅದನ್ನು ಹೊರಹಾಕಲಾಗದು.

ನೋವು ತಗ್ಗಿತೆಂದು ನೀವು ಸಮಾಧಾನಪಟ್ಟಿರುವುದು ಸಹಜ. ಆದರೆ ಉರಿಯೂತಗೊಂಡ ಎರಡು ಪೊರೆಗಳು ಪರಸ್ಪರ ಉಜ್ಜುವುದರಿಂದ ಆ ಚುಚ್ಚುನೋವು ಬರುತ್ತದೆ. ನಡುವೆ ನೀರು ಹೆಚ್ಚಿ ಅವು ದೂರವಾದಾಗ ಉಜ್ಜುವುದು ನಿಂತು ನೋವೂ ತಗ್ಗುತ್ತದೆ. ಎಂದರೆ, ನೋವು ಹೋದದ್ದು ರೋಗ ಹೆಚ್ಚಿದ್ದರ ಗುರುತೂ ಆಗಿರಬಹುದು.

ತಾನಾಗಿ ಇಂಗುವ ನೀರೂ ಉಂಟು. ಡೆಂಗಿಯಲ್ಲಿ ರಕ್ತನಾಳಗಳಿಂದ ಸೋರಿದ ದ್ರವ, ಸೋರಿಕೆ ನಿಂತ ಬಳಿಕ ಕೆಲವೇ ದಿನಗಳಲ್ಲಿ ರಕ್ತಕ್ಕೆ ಮರಳುತ್ತದೆ. ವೈರಸ್ ಸೋಂಕಿನಲ್ಲಿಯೂ ಹೃದಯದ ಬೈಪಾಸ್ ಶಸ್ತ್ರಕ್ರಿಯೆಯ ನಂತರವೂ ಕಾಣುವ ಅಲ್ಪ ನೀರಿಗೆ ಸಾಮಾನ್ಯವಾಗಿ ನಿಗಾ ಸಾಕಾಗುತ್ತದೆ. ಹೃದಯ ವೈಫಲ್ಯದಿಂದ ತುಂಬಿದ ನೀರು, ಹೆಚ್ಚಾಗಿ ಎರಡೂ ಬದಿಗಳಲ್ಲಿ ಇರುವಂಥದ್ದು, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಕರಗುತ್ತದೆ. ಅಲ್ಲಿಯೂ ಚಿಕಿತ್ಸೆ ನಡೆಯುವುದು ಹೃದಯಕ್ಕೆ.

ಒಂದೇ ಬದಿಯಲ್ಲಿ ನೀರು, ವಾರಗಟ್ಟಲೆ ಸಂಜೆಜ್ವರ, ಚಿಕ್ಕ ವಯಸ್ಸು — ಇವು ಒಟ್ಟಿಗೆ ಕಂಡಾಗ ಮೊದಲು ನೆನಪಾಗಬೇಕಾದದ್ದು ಕ್ಷಯ. ಕ್ಷಯದ ನೀರು ಔಷಧವಿಲ್ಲದೆಯೂ ಎರಡು-ನಾಲ್ಕು ತಿಂಗಳಲ್ಲಿ ಇಂಗುವುದುಂಟು, ಜ್ವರವೂ ಬಿಡುವುದುಂಟು. ಮನೆಯವರ ಮಾತು ನಿಜವಾಯಿತೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಹೀಗೆ ಔಷಧವಿಲ್ಲದೆ ಗುಣವಾದಂತೆ ಕಂಡ ಅಮೆರಿಕದ ಸೈನಿಕರನ್ನು ವರ್ಷಗಟ್ಟಲೆ ಗಮನಿಸಿ 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರಲ್ಲಿ ಸುಮಾರು ಶೇ. 65 ಮಂದಿಗೆ ಮುಂದೆ ಕ್ಷಯ ಮರುಕಳಿಸಿದ್ದು ಕಂಡುಬಂದಿತು. ಆರು ತಿಂಗಳ ಮಾತ್ರೆಗಳಿಂದ ಸಾಮಾನ್ಯವಾಗಿ ವಾಸಿಯಾಗುವ ಕಾಯಿಲೆಯನ್ನು ಹೀಗೆ ಒಳಗೇ ಉಳಿಸಿಕೊಳ್ಳುವುದು ವಿವೇಕವಲ್ಲ.

ಹಾಗೆಂದು ಕ್ಷಯವೇ ಎಂದು ಈಗಲೇ ನಿರ್ಧರಿಸುವುದೂ ತಪ್ಪು. ನ್ಯುಮೋನಿಯಾದ ಪಕ್ಕದಲ್ಲಿ ಸೇರಿದ ನೀರು ಕೀವಾಗಿ ಬದಲಾದರೆ ಆ್ಯಂಟಿಬಯೋಟಿಕ್ ಒಂದೇ ಸಾಲದು, ಕೊಳವೆ ಹಾಕಿ ಹೊರತೆಗೆಯಬೇಕಾಗುತ್ತದೆ. ತಡವಾದರೆ ಪೊರೆ ದಪ್ಪಗಟ್ಟಿ ಶ್ವಾಸಕೋಶ ಹಿಗ್ಗದಂತಾಗುತ್ತದೆ. ಕ್ಯಾನ್ಸರ್, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಮೇದೋಜೀರಕದ ಉರಿಯೂತ, ಹೀಗೆ ಬೇರೆ ಕಾರಣಗಳೂ ಇವೆ. ಎಕ್ಸ್-ರೇ ನೀರನ್ನು ತೋರಿಸುತ್ತದೆಯೇ ಹೊರತು ಅದರ ಕಾರಣವನ್ನು ಖಚಿತಪಡಿಸುವುದಿಲ್ಲ. ಆ ಕೆಲಸಕ್ಕೆ ನೀರಿನ ಮಾದರಿಯೇ ಬೇಕು: ಅದರ ಪ್ರೋಟೀನ್, ಎಲ್‌ಡಿಎಚ್ ಎಂಬ ಕಿಣ್ವ, ಸಕ್ಕರೆ, ಜೀವಕೋಶಗಳು, ಕ್ಷಯದ ಸುಳಿವು ಕೊಡುವ ಎಡಿಎ ಎಂಬ ಇನ್ನೊಂದು ಕಿಣ್ವದ ಪ್ರಮಾಣ, ಇವುಗಳನ್ನೆಲ್ಲ ನೋಡಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ.

ಸ್ಕ್ಯಾನಿಂಗ್‌ನಲ್ಲಿ ಜಾಗ ಗುರುತಿಸಿ, ಚರ್ಮಕ್ಕೆ ಮರಗಟ್ಟುವ ಔಷಧ ಕೊಟ್ಟು ಪಕ್ಕೆಲುಬುಗಳ ನಡುವೆ ಸೂಜಿ ಹಾಕುತ್ತಾರೆ. ಅಪರೂಪಕ್ಕೆ ರಕ್ತಸ್ರಾವವಾಗಬಹುದು, ಪೊರೆಗಳ ನಡುವೆ ಗಾಳಿ ಸೇರಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ತೆಗೆದದ್ದರಿಂದಲೇ ಮತ್ತೆ ತುಂಬುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಕ್ಯಾನ್ಸರ್‌ನಂತಹ ಕಾರಣ ಹಾಗೆಯೇ ಉಳಿದಿರುವವರಲ್ಲಿ ಮತ್ತೆ ತುಂಬುವುದನ್ನು ಕಂಡವರು ದೋಷವನ್ನು ಸೂಜಿಯ ಮೇಲೆ ಹೊರಿಸಿದ್ದಾರೆ, ಅಷ್ಟೆ.

ಈ ವಾರದಲ್ಲಿಯೇ ಪರೀಕ್ಷೆ ಮಾಡಿಸಿ. ಅಷ್ಟರೊಳಗೆ ಮಲಗಿದಾಗ ಉಸಿರು ಕಟ್ಟಿದಂತಾದರೆ, ತುಟಿ ನೀಲಿಗಟ್ಟಿದರೆ, ಚಳಿ ನಡುಕದೊಡನೆ ಜ್ವರ ಏರಿದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಆ ಕ್ಷಣವೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.